ಮಂಗಳೂರು ಹೆಂಚು: ನದಿ ದಡದ ಮಣ್ಣು ಊರೂರಿನ ಸೂರಾದ ಬಗೆ

ಕರಾವಳಿಯಲ್ಲೋ ಮಲೆನಾಡಿನಲ್ಲೋ ಹಳೇ ಮನೆ ಕೆಡವುತ್ತಿದ್ದರೆ ಸ್ವಲ್ಪ ನಿಂತು ನೋಡಿ. ಗೋಡೆಯನ್ನು ಜೆಸಿಬಿಗೆ ಬಿಟ್ಟುಬಿಡುತ್ತಾರೆ. ಹೆಂಚನ್ನು ಮಾತ್ರ ಒಂದೊಂದಾಗಿ ಇಳಿಸಿ, ಕೈಯಿಂದ ಕೈಗೆ ದಾಟಿಸಿ, ಅಂಗಳದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಅದಕ್ಕೆ ಗಿರಾಕಿಗಳಿದ್ದಾರೆ. ಹೋಮ್‌ಸ್ಟೇ ಕಟ್ಟುವವರು ಬರುತ್ತಾರೆ. ತಾರಸಿ ಮನೆಯ ಸೆಕೆ ತಡೆಯಲಾರದೆ ಮೇಲೊಂದು ಮಾಡು, ಅಂದರೆ ಇಳಿಜಾರು ಸೂರು, ಹಾಕಿಸುವವರೂ ಬರುತ್ತಾರೆ.

ಕೆಲವು ಹೆಂಚುಗಳ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865’ ಎಂದು ಅಚ್ಚಾಗಿರುತ್ತದೆ. ಅದನ್ನು ಕಂಡವರು ‘ಅಬ್ಬಾ, ನೂರೈವತ್ತು ವರ್ಷದ ಹೆಂಚು’ ಅಂದುಕೊಳ್ಳುವುದುಂಟು. ಆ ಇಸವಿ ಕಾರ್ಖಾನೆ ಶುರುವಾದ ವರ್ಷ, ಹೆಂಚಿನ ವಯಸ್ಸಲ್ಲ. ಅದೇ ಅಚ್ಚಿನ ಹೆಂಚುಗಳು ಆಮೇಲೂ ಬಹಳ ವರ್ಷ ಬಂದವು.

ಹಾಗಾದರೆ 1865ರಲ್ಲಿ ಆದದ್ದೇನು? ಮಂಗಳೂರಿನಲ್ಲೇ ಯಾಕೆ? ಮಣ್ಣು ಎಲ್ಲಾ ಊರಲ್ಲೂ ಇದೆ, ಕುಂಬಾರರೂ ಇದ್ದರು. ಒಂದು ಊರಿನ ಹೆಸರು ಹೆಂಚಿಗೇ ಅಂಟಿಕೊಂಡದ್ದು ಹೇಗೆ? ಮತ್ತೆ, ಅಷ್ಟು ಬೇಡಿಕೆ ಇದ್ದ ಕಾರ್ಖಾನೆಗಳು ಬಾಗಿಲು ಹಾಕಿದ್ದೇಕೆ?

## ಅದಕ್ಕೂ ಮುಂಚೆ ಮಾಡಿನ ಮೇಲೆ ಏನಿತ್ತು?

ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಇಂಥ ಕಡೆ ಮನೆ ಅಂದರೆ ಮೊದಲು ಸೂರಿನ ಚಿಂತೆ.

ಹೆಚ್ಚಿನ ಮನೆಗಳಿಗೆ ಮುಳಿಹುಲ್ಲು, ತೆಂಗಿನ ಗರಿ, ಅಡಿಕೆ ಸೋಗೆಯೇ ಗತಿ. ಇವು ಸಿಗುವುದು ಸುಲಭ, ಒಳಗೆ ತಂಪೂ ಹೌದು. ಆದರೆ ಪ್ರತಿ ಬೇಸಿಗೆಯಲ್ಲಿ ಹೊಸದಾಗಿ ಹೊದೆಸಬೇಕು. ಒಂದು ಕಿಡಿ ಹಾರಿದರೆ ಸಾಲು ಮನೆಗಳೇ ಹೋಗುತ್ತವೆ. ಸಿರಿವಂತರ, ದೇವರ ಕಟ್ಟಡಗಳಿಗೆ ಬೇರೆ ದಾರಿಗಳಿದ್ದವು. ಮೂಡಬಿದಿರೆಯ ಬಸದಿಗಳಲ್ಲಿ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದೆಸಿರುವುದನ್ನು ಈಗಲೂ ನೋಡಬಹುದು. ದೊಡ್ಡ ದೇವಸ್ಥಾನಗಳ ಗರ್ಭಗುಡಿಗೆ ತಾಮ್ರದ ಹೊದಿಕೆ.

ಇವೆರಡರ ನಡುವೆ ಇದ್ದದ್ದು ನಾಡಹೆಂಚು. ಕುಂಬಾರರು, ತುಳುನಾಡಿನಲ್ಲಾದರೆ ಕುಲಾಲರು, ತಿಗರಿಯ ಮೇಲೆ ಒಂದು ಉದ್ದನೆಯ ಕೊಳವೆ ಎತ್ತುತ್ತಿದ್ದರು. ಅದು ಅರೆಬರೆ ಒಣಗಿದಾಗ ಉದ್ದಕ್ಕೆ ಸೀಳಿ ಎರಡು ಮಾಡಿ, ಪೂರ್ತಿ ಒಣಗಿಸಿ ಆವಿಗೆಯಲ್ಲಿ ಸುಡುತ್ತಿದ್ದರು. ಒಂದು ಸಾಲನ್ನು ಅಂಗಾತ, ಅದರ ಮೇಲಿನ ಸಾಲನ್ನು ಬೋರಲು ಹಾಕಿದರೆ ಮಾಡು ಸಿದ್ಧ. ಅಂಗಾತ ಬಿದ್ದದ್ದು ನೀರು ಹರಿಸುತ್ತದೆ. ಬೋರಲು ಬಿದ್ದದ್ದು ಎರಡರ ನಡುವಿನ ಸಂದು ಮುಚ್ಚುತ್ತದೆ.

ಒಳ್ಳೆಯ ಉಪಾಯವೇ. ಆದರೆ ಕೈಯಲ್ಲಿ ಮಾಡಿದ್ದರಿಂದ ಒಂದು ಹೆಂಚು ಇನ್ನೊಂದರ ಹಾಗಿರುತ್ತಿರಲಿಲ್ಲ. ಒಂದಕ್ಕೊಂದು ಹಿಡಿತವೂ ಇರಲಿಲ್ಲ, ತನ್ನ ಭಾರಕ್ಕೆ ತಾನು ಕೂತಿರಬೇಕು ಅಷ್ಟೇ. ಬೆಕ್ಕು ಓಡಿದರೆ, ಮಂಗ ಹಾರಿದರೆ, ಜೋರು ಗಾಳಿ ಬೀಸಿದರೆ ಜಾರುತ್ತಿತ್ತು. ಅದಕ್ಕೇ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಕೆಲಸ ಪ್ರತಿ ವರ್ಷ ತಪ್ಪುತ್ತಿರಲಿಲ್ಲ. ಎರಡು ಪದರ ಇರುವುದರಿಂದ ಮಾಡು ಭಾರವೂ ಜಾಸ್ತಿ, ಅದನ್ನು ಹೊರಲು ಮರವೂ ಜಾಸ್ತಿ.

ಈ ಮೂರು ತೊಂದರೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ಒಂದೇ ಅಳತೆ ಇಲ್ಲ, ಹಿಡಿತ ಇಲ್ಲ, ಭಾರ ಜಾಸ್ತಿ. ಮಂಗಳೂರು ಹೆಂಚು ಮೂರಕ್ಕೂ ಒಂದೇ ಏಟಿಗೆ ಉತ್ತರ ಕೊಟ್ಟಿತು.

## ಜೆಪ್ಪುವಿನಲ್ಲಿ ಶುರುವಾದ ಕತೆ

ಬಾಸೆಲ್ ಮಿಶನ್ ಎನ್ನುವುದು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ ಹುಟ್ಟಿದ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ. ಅದರ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡ ಓದುಗರಿಗೆ ಈ ಹೆಸರು ಹೊಸದೇನಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ತಂದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ದೊಡ್ಡ ಕನ್ನಡ ನಿಘಂಟನ್ನು ಕೊಟ್ಟ ಫರ್ಡಿನಂಡ್ ಕಿಟೆಲ್ ಇಬ್ಬರೂ ಇದೇ ಮಿಶನ್ನಿನವರು.

ಧರ್ಮಪ್ರಚಾರಕ್ಕೆ ಬಂದವರು ಹೆಂಚಿಗೆ ಯಾಕೆ ಕೈ ಹಾಕಿದರು? ಕಾರಣ ಹೊಟ್ಟೆಪಾಡು. ಆಗ ಮತಾಂತರ ಆದವರನ್ನು ಜಾತಿಯಿಂದ ಹೊರಗೆ ಹಾಕುತ್ತಿದ್ದರು. ಜಾತಿಯ ಜೊತೆಗೇ ಕಸುಬು, ಗೇಣಿ ಜಮೀನು, ಕೆಲವೊಮ್ಮೆ ಇರುವ ಮನೆಯೂ ಹೋಗುತ್ತಿತ್ತು. ಇಲ್ಲಿ ಮತಾಂತರ ಆದವರಲ್ಲಿ ಬಿಲ್ಲವರು ಬಹಳ ಮಂದಿ. ಶೇಂದಿ ಇಳಿಸುವ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲ, ಹಾಗಾಗಿ ಬೇರೆ ದುಡಿಮೆ ಹುಡುಕಿಕೊಡುವುದು ಅದರ ಮೇಲೇ ಬಿತ್ತು. ಮುದ್ರಣಾಲಯ, ನೇಯ್ಗೆ ಶುರುವಾದವು. ಆದರೂ ಎಲ್ಲರಿಗೂ ಕೆಲಸ ಸಾಲಲಿಲ್ಲ.

ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ವ್ಯಕ್ತಿ ಈ ಮಿಶನ್ನಿನ ಮುದ್ರಣಾಲಯದಲ್ಲಿದ್ದವರು, ಯಂತ್ರಗಳ ಕೆಲಸ ಗೊತ್ತಿದ್ದವರು. ನೇತ್ರಾವತಿ ದಡದ ಮಣ್ಣು ಅವರ ಕಣ್ಣಿಗೆ ಬಿತ್ತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನದಿಗೆ ಹತ್ತಿರದಲ್ಲೇ, ಮೊದಲ ಹೆಂಚಿನ ಕಾರ್ಖಾನೆ ಎದ್ದಿತು. ಮಣ್ಣು ಕಲಸಲು ಎತ್ತು, ಒತ್ತಲು ಕೈಯಲ್ಲಿ ತಿರುಗಿಸುವ ಅಚ್ಚು. ಉಗಿಯಂತ್ರ ಬಂದದ್ದು ಆಮೇಲೆ.

ಹೆಂಚಿನ ವಿನ್ಯಾಸ ಪ್ಲೆಬ್ಸ್ಟ್ ಅವರದಲ್ಲ, ಮಂಗಳೂರಿನದೂ ಅಲ್ಲ. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಆಲ್ಟ್‌ಕಿರ್ಕ್ ಎಂಬ ಊರಿನಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿಗೆ ಪೇಟೆಂಟ್ ಪಡೆದಿದ್ದರು. ಭೂಪಟ ತೆಗೆದು ನೋಡಿ, ಆಲ್ಟ್‌ಕಿರ್ಕ್ ಇರುವುದು ಬಾಸೆಲ್‌ನ ಮಗ್ಗುಲಲ್ಲೇ. ಬಾಸೆಲ್‌ನವರಿಗೆ ಅದು ನೆರೆಯೂರಿನ ಸರಕು. ಅದೇ ಜಾತಿಯ ಹೆಂಚು ಫ್ರಾನ್ಸಿನ ಮಾರ್ಸೇ ಬಂದರಿನಿಂದ ಹಡಗು ಹತ್ತಿ ಆಸ್ಟ್ರೇಲಿಯಾದವರೆಗೂ ಹೋಗಿದೆ. ಅಲ್ಲಿನ ಹಳೇ ಮನೆಗಳ ಮಾಡು ಕಂಡು ನಮ್ಮವರು ‘ಇದು ನಮ್ಮ ಮಂಗಳೂರು ಹೆಂಚಲ್ವಾ’ ಅಂದುಕೊಂಡರೆ ಆಶ್ಚರ್ಯವಿಲ್ಲ. ಎರಡರ ಮೂಲವೂ ಒಂದೇ.

## ಏಣು, ತಗ್ಗು, ಮೂಗು

ಒಂದು ಹೆಂಚನ್ನು ಕೈಗೆತ್ತಿಕೊಂಡು ನೋಡೋಣ. ಉದ್ದ ಸುಮಾರು 41 ಸೆಂಟಿಮೀಟರ್, ಅಗಲ ಸುಮಾರು 24. ತೂಕ ಎರಡರಿಂದ ಮೂರು ಕಿಲೋ ಒಳಗೆ.

ಉದ್ದನೆಯ ಎರಡು ಅಂಚುಗಳನ್ನು ಗಮನಿಸಿ. ಒಂದು ಅಂಚಿನ ಮೇಲ್ಮೈಯಲ್ಲಿ ಉದ್ದಕ್ಕೆ ತಗ್ಗು ಇದೆ. ಇನ್ನೊಂದು ಅಂಚಿನ ಕೆಳಮೈಯಲ್ಲಿ ಏಣು ಇದೆ. ಪಕ್ಕದ ಹೆಂಚಿನ ಏಣು ಈ ಹೆಂಚಿನ ತಗ್ಗಿನಲ್ಲಿ ಕೂರುತ್ತದೆ. ಎರಡು ಕೈಗಳ ಬೆರಳನ್ನು ಒಂದರೊಳಗೊಂದು ಹೆಣೆದ ಹಾಗೆ. ಮೇಲಿನ ತುದಿಗೂ ಕೆಳಗಿನ ತುದಿಗೂ ಇಂಥದೇ ಏರ್ಪಾಡಿದೆ. ಹೀಗಾಗಿ ಮಧ್ಯದ ಒಂದು ಹೆಂಚನ್ನು ಸುತ್ತಲಿನವು ಎಲ್ಲಾ ಕಡೆಯಿಂದ ಹಿಡಿದಿರುತ್ತವೆ.

ಆ ತಗ್ಗಿಗೆ ಇನ್ನೊಂದು ಕೆಲಸವೂ ಇದೆ. ಎರಡು ಹೆಂಚಿನ ಸಂದಿನಲ್ಲಿ ನುಗ್ಗಿದ ಮಳೆನೀರು ಅದಕ್ಕೆ ಬಿದ್ದು, ಅದರಲ್ಲೇ ಕೆಳಗೆ ಹರಿದು, ಮುಂದಿನ ಸಾಲಿನ ಹೆಂಚಿನ ಮೇಲೆ ಹೊರಬರುತ್ತದೆ. ನೀರು ಒಳಗೆ ಬರಲೇಬಾರದು ಎಂದು ಬಿಗಿಯಾಗಿ ಮುಚ್ಚುವ ಹಟ ಇಲ್ಲಿಲ್ಲ. ಬಂದ ನೀರಿಗೆ ದಾರಿ ತೋರಿಸಿ ಕಳಿಸುವ ಜಾಣತನ. ಆ ತಗ್ಗಿನಲ್ಲಿ ಪಾಚಿ, ತರಗೆಲೆ ಕಟ್ಟಿಕೊಂಡರೆ ಮಾತ್ರ ದಾರಿ ಮುಚ್ಚಿ ಸೋರುತ್ತದೆ. ಹೆಂಚಿನ ಮನೆ ಸೋರಿದಾಗ ಒಡೆದ ಹೆಂಚು ಹುಡುಕುವ ಜೊತೆಗೆ ಈ ತಗ್ಗುಗಳನ್ನೂ ನೋಡಬೇಕು.

ಮಗುಚಿದರೆ ಕೆಳಗೆ ಮೂಗಿನಂಥ ಎರಡು ಉಬ್ಬುಗಳಿವೆ. ಮಾಡಿನ ಮೇಲೆ ಅಡ್ಡಡ್ಡಕ್ಕೆ ಹೊಡೆದ ತೆಳು ಮರದ ಪಟ್ಟಿಗಳಿಗೆ ರೀಪು ಅನ್ನುತ್ತಾರೆ. ರೀಪನ್ನು ಹೊರುವ ದಪ್ಪ ಇಳಿಜಾರು ಮರಗಳು ಪಕ್ಕಾಸುಗಳು. ಹೆಂಚಿನ ಮೂಗು ರೀಪಿಗೆ ಸಿಕ್ಕಿಕೊಂಡು ಹೆಂಚು ನೇತಾಡುತ್ತದೆ, ಜಾರುವುದಿಲ್ಲ. ಗಾಳಿ ಜಾಸ್ತಿ ಇರುವ ಕಡೆ ತಂತಿಯಿಂದ ರೀಪಿಗೆ ಕಟ್ಟಲು ಕೆಳಗೊಂದು ತೂತು ಕೂಡ ಇರುತ್ತದೆ.

ಇನ್ನು ಭಾರದ ಲೆಕ್ಕ. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಸಾಕು. ಮೇಸ್ತ್ರಿಗಳ ಲೆಕ್ಕದಲ್ಲಿ ಹೇಳಿದರೆ ಒಂದು ಚದರಕ್ಕೆ, ಅಂದರೆ ನೂರು ಚದರ ಅಡಿಗೆ, 140ರಿಂದ 150. ಒಂದೇ ಪದರ ಆದದ್ದರಿಂದ ಚದರ ಮೀಟರಿಗೆ 40 ಕಿಲೋ ಆಸುಪಾಸು ಭಾರ ಬೀಳುತ್ತದೆ. ಹತ್ತು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ತಾರಸಿ ಅಷ್ಟೇ ಜಾಗಕ್ಕೆ 250 ಕಿಲೋ ತೂಗುತ್ತದೆ.

ಇಷ್ಟೆಲ್ಲ ನಡೆಯಬೇಕಾದರೆ ಪ್ರತಿಯೊಂದು ಹೆಂಚೂ ಒಂದೇ ಅಳತೆಯಲ್ಲಿರಬೇಕು. ಏಣು ತುಸು ದಪ್ಪವಾದರೂ ಪಕ್ಕದ ತಗ್ಗಿನಲ್ಲಿ ಕೂರುವುದಿಲ್ಲ. ಇದು ಕೈಯಲ್ಲಿ ಸಾಧ್ಯವಾಗುವ ಮಾತಲ್ಲ, ಅಚ್ಚೇ ಬೇಕು. ಮಂಗಳೂರು ಹೆಂಚಿನ ಹೆಚ್ಚುಗಾರಿಕೆ ಮಣ್ಣಿನಲ್ಲಿ ಎಷ್ಟಿದೆಯೋ ಅದಕ್ಕಿಂತ ಒಂದು ಕೈ ಜಾಸ್ತಿಯೇ ಈ ಅಳತೆಯಲ್ಲಿದೆ ಎನ್ನಬೇಕು.

## ಗದ್ದೆಯಿಂದ ಗೂಡಿಗೆ

ನೇತ್ರಾವತಿಯೂ ಗುರುಪುರ ಹೊಳೆಯೂ ಘಟ್ಟದಿಂದ ಇಳಿದು ಮಂಗಳೂರಿನ ಹತ್ತಿರ ಸಮುದ್ರ ಸೇರುತ್ತವೆ. ಘಟ್ಟದ ಕಲ್ಲುಬಂಡೆ ಸಾವಿರಾರು ವರ್ಷ ಮಳೆಗೆ ಕರಗಿ ನುಣ್ಣನೆಯ ಕೆಸರಾಗಿ ಹೊಳೆಯಲ್ಲಿ ಬರುತ್ತದೆ. ಸಮತಟ್ಟು ಜಾಗ ಬಂದು ನೀರಿನ ಓಟ ಕಡಿಮೆಯಾದಾಗ ಮೊದಲು ಹೊಯಿಗೆ, ಅಂದರೆ ಮರಳು, ತಳಕ್ಕೆ ಕೂರುತ್ತದೆ. ತೀರಾ ನುಣುಪಾದದ್ದು ಕೊನೆಗೆ, ನೆರೆ ನೀರು ನಿಲ್ಲುವ ಗದ್ದೆ ಬಯಲಿನಲ್ಲಿ ಕೂರುತ್ತದೆ. ಅದೇ ಆವೆ ಮಣ್ಣು, ಜೇಡಿಮಣ್ಣು. ಒದ್ದೆಯಿದ್ದಾಗ ಹೇಳಿದ ಆಕಾರಕ್ಕೆ ಬಗ್ಗುತ್ತದೆ, ಒಣಗಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ.

ಈ ಮಣ್ಣು ಕಾರ್ಖಾನೆಗೆ ಬರುತ್ತಿದ್ದದ್ದು ದೋಣಿಯಲ್ಲಿ. ಬೋಳಾರ, ಹೊಯಿಗೆ ಬಜಾರ್, ಜೆಪ್ಪು, ಕುದ್ರೋಳಿ, ಹೀಗೆ ಕಾರ್ಖಾನೆಗಳೆಲ್ಲ ನೀರಿಗೆ ಅಂಟಿಕೊಂಡೇ ಎದ್ದದ್ದು ಇದಕ್ಕೇ. ಅದೇ ನೀರಿನ ದಾರಿಯಲ್ಲಿ ಸೌದೆ ಬರುತ್ತಿತ್ತು, ತಯಾರಾದ ಹೆಂಚು ಬಂದರಿಗೆ ಹೋಗುತ್ತಿತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಷ್ಟರೊಳಗೆ ಹೆಂಚು ನಾಲ್ಕು ದಶಕ ಹಡಗಿನಲ್ಲೇ ಊರೂರು ಸುತ್ತಿತ್ತು. ಕಿಲೋಗಟ್ಟಲೆ ತೂಗುವ, ಬಿದ್ದರೆ ಒಡೆಯುವ, ಒಂದೊಂದಕ್ಕೆ ಪುಡಿಗಾಸಿನ ಬೆಲೆಯ ಸರಕನ್ನು ಎತ್ತಿನ ಗಾಡಿಯಲ್ಲಿ ದೂರ ಸಾಗಿಸಿದರೆ ಅಸಲೇ ಹುಟ್ಟುವುದಿಲ್ಲ. ಮಣ್ಣು, ಹೊಳೆ, ಬಂದರು ಮೂರೂ ಒಂದೇ ಕಡೆ ಸಿಕ್ಕಿದ್ದು ಮಂಗಳೂರಿನ ಅದೃಷ್ಟ.

ತಂದ ಮಣ್ಣನ್ನು ಕೂಡಲೇ ಬಳಸುವುದಿಲ್ಲ. ರಾಶಿ ಹಾಕಿ ಬಿಸಿಲು ಮಳೆಗೆ ಬಿಡುತ್ತಾರೆ. ಗಂಟುಗಳು ಒಡೆದು ತೇವ ಎಲ್ಲಾ ಕಡೆ ಸಮ ಆಗಲಿ ಎಂದು. ಒಂದೇ ಜಾಗದ ಮಣ್ಣನ್ನೇ ಒತ್ತುವುದೂ ಇಲ್ಲ. ತೀರಾ ಜಿಗುಟು ಮಣ್ಣು ಒಣಗುವಾಗ ಬಿರಿಯುತ್ತದೆ, ಮರಳು ಹೆಚ್ಚಾದದ್ದು ಅಚ್ಚಿನಲ್ಲಿ ಮುರಿಯುತ್ತದೆ. ಎರಡು ಮೂರು ಬಗೆ ಬೆರೆಸಿ ಹದ ಹಿಡಿಯಬೇಕು. ಯಾವುದು ಎಷ್ಟು ಅನ್ನುವುದು ಆಯಾ ಕಾರ್ಖಾನೆಯ ಅನುಭವಸ್ಥರಿಗೆ ಬಿಟ್ಟದ್ದು.

ಆಮೇಲೆ ಉರುಳೆಗಳ ನಡುವೆ ಅರೆದು, ಕಲಸುವ ಯಂತ್ರದಲ್ಲಿ ಗಾಳಿ ಹೋಗುವ ಹಾಗೆ ನಾದುತ್ತಾರೆ. ಯಂತ್ರದ ಬಾಯಿಂದ ಮಣ್ಣು ಪಟ್ಟಿಯಾಗಿ ಹೊರಬರುತ್ತದೆ. ಅದನ್ನು ಹೆಂಚಿನಷ್ಟುದ್ದ ಕತ್ತರಿಸಿ, ಅಂಟದಿರಲಿ ಎಂದು ಎಣ್ಣೆ ಸವರಿ, ಅಚ್ಚಿಗೆ ಇಡುತ್ತಾರೆ. ದೊಡ್ಡ ಒತ್ತುಯಂತ್ರದಲ್ಲಿ ಐದು ಮುಖದ ಉರುಳೆಯೊಂದು ತಿರುಗುತ್ತಿರುತ್ತದೆ. ಪ್ರತಿ ಮುಖದಲ್ಲೂ ಹೆಂಚಿನ ಕೆಳಭಾಗದ ಅಚ್ಚು. ಮೇಲಿನಿಂದ ಇನ್ನೊಂದು ಅಚ್ಚು ಇಳಿದು ಒತ್ತುತ್ತದೆ. ಏಣು, ತಗ್ಗು, ಮೂಗು, ಕಾರ್ಖಾನೆಯ ಹೆಸರು ಎಲ್ಲವೂ ಅದೊಂದೇ ಒತ್ತಿಗೆ ಮೂಡುತ್ತವೆ. ಅಂಚಿನಲ್ಲಿ ಹೊರಚೆಲ್ಲಿದ ಮಣ್ಣನ್ನು ತಂತಿಯಿಂದ ಸವರಿ ತೆಗೆದು, ಹೆಂಚನ್ನು ಮರದ ಚೌಕಟ್ಟಿನ ಮೇಲೆ ಇಟ್ಟು ಒಣಗಲು ಕಳಿಸುತ್ತಾರೆ. ಹಸಿ ಹೆಂಚನ್ನು ಬರೀ ಕೈಯಲ್ಲಿ ಹಿಡಿದರೆ ತಿರುಚಿಕೊಳ್ಳುತ್ತದೆ, ಒಮ್ಮೆ ತಿರುಚಿದರೆ ಮತ್ತೆ ಸರಿ ಹೋಗದು.

ಒಣಗಿಸುವುದು ನೆರಳಿನಲ್ಲಿ. ಬಿಸಿಲಿಗೆ ಇಟ್ಟರೆ ಬೇಗ ಆಗುತ್ತದಲ್ವಾ? ಆಗುತ್ತದೆ, ಆದರೆ ಮೇಲ್ಮೈ ಮೊದಲು ಕುಗ್ಗಿ ಒಳಗಿನ್ನೂ ಹಸಿ ಇರುವಾಗಲೇ ಬಿರುಕು ಬಿಡುತ್ತದೆ. ಜೇಡಿಮಣ್ಣು ಒಣಗಿ ಬೇಯುವಷ್ಟರಲ್ಲಿ ಹತ್ತರಲ್ಲೊಂದು ಪಾಲಿನವರೆಗೂ ಕುಗ್ಗಬಹುದು. ಅದಕ್ಕೇ ಅಚ್ಚನ್ನು ಬೇಕಾದ ಅಳತೆಗಿಂತ ದೊಡ್ಡದಾಗಿಯೇ ಮಾಡಿರುತ್ತಾರೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಆಗ ಒಣಗುವ ಕೆಲಸ ತೆವಳುತ್ತದೆ, ಇಡೀ ಕಾರ್ಖಾನೆ ಅದರ ಹಿಂದೆ ಕಾಯಬೇಕು.

## ಬೆಂಕಿಯೊಳಗೆ ಆಗುವುದೇನು?

ಬರೀ ಒಣಗಿದ ಮಣ್ಣಿನ ಹೆಂಚನ್ನು ನೀರಿಗೆ ಹಾಕಿದರೆ ಮತ್ತೆ ಕೆಸರಾಗುತ್ತದೆ. ಸುಟ್ಟದ್ದು ಯಾವತ್ತೂ ಆಗುವುದಿಲ್ಲ. ಈ ವ್ಯತ್ಯಾಸ ಹುಟ್ಟುವುದು ಹೆಂಚು ಸುಡುವ ಗೂಡಿನಲ್ಲಿ.

ನೂರು ಡಿಗ್ರಿ ದಾಟುವಷ್ಟರಲ್ಲಿ ಮಣ್ಣಿನ ಕಣಗಳ ನಡುವೆ ಉಳಿದ ನೀರು ಆವಿಯಾಗಿ ಹೋಗುತ್ತದೆ. ಇಲ್ಲಿ ಅವಸರ ಮಾಡಿದರೆ ಆವಿ ಒಳಗೇ ಸಿಕ್ಕಿ ಹೆಂಚು ಸಿಡಿಯುತ್ತದೆ. 500 ಡಿಗ್ರಿ ಮೀರಿದಾಗ ಇನ್ನೊಂದು ಬಗೆಯ ನೀರು ಬಿಡುತ್ತದೆ. ಅದು ಕಣಗಳ ರಚನೆಯೊಳಗೇ ಬೆಸೆದುಕೊಂಡಿದ್ದ ನೀರು. ಅದು ಹೋದ ಮೇಲೆ ಮಣ್ಣು ಮತ್ತೆ ಮಣ್ಣಾಗಲಾರದು. 900 ಡಿಗ್ರಿ ಆಸುಪಾಸಿಗೆ ಬಂದಾಗ ಕಣಗಳ ಅಂಚು ಸ್ವಲ್ಪವೇ ಕರಗಿ ಒಂದಕ್ಕೊಂದು ಬೆಸೆಯುತ್ತವೆ. ಹೆಂಚಿನ ಗಟ್ಟಿತನ ಬರುವುದು ಈ ಬೆಸುಗೆಯಿಂದ. ಇನ್ನೂ ಜಾಸ್ತಿ ಕಾಯಿಸಿದರೆ ಹೆಂಚು ಬಾಗಿಬಿಡುತ್ತದೆ, ಕಡಿಮೆಯಾದರೆ ನೀರು ಕುಡಿಯುತ್ತದೆ.

ಕೆಂಪು ಬಣ್ಣ ಹಚ್ಚಿದ್ದಲ್ಲ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಬೆಂಕಿಯಲ್ಲಿ ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಂಪಾಗುತ್ತದೆ. ಗೂಡಿನ ಯಾವುದೋ ಮೂಲೆಯಲ್ಲಿ ಗಾಳಿ ಸಾಲದೆ ಹೊಗೆ ನಿಂತರೆ ಅಲ್ಲಿನ ಹೆಂಚಿಗೆ ಕಪ್ಪು ಕಲೆ.

ಗೂಡುಗಳಲ್ಲೂ ಎರಡು ಬಗೆ. ಮೊದಲನೆಯದರಲ್ಲಿ ತುಂಬಬೇಕು, ಬಾಗಿಲನ್ನು ಇಟ್ಟಿಗೆ ಮಣ್ಣಿನಿಂದ ಮುಚ್ಚಬೇಕು, ಸುಡಬೇಕು, ಆರುವವರೆಗೆ ಕಾಯಬೇಕು. ಪ್ರತಿ ಸಲವೂ ಇಡೀ ಗೂಡಿನ ಶಾಖ ಸುಮ್ನೆ ಹಾಳು. ಫ್ರೀಡ್ರಿಶ್ ಹಾಫ್‌ಮನ್ ಎಂಬ ಜರ್ಮನ್ 1858ರಲ್ಲಿ ಪೇಟೆಂಟ್ ಪಡೆದ ಗೂಡು ಇದಕ್ಕೆ ಪರಿಹಾರ ಕೊಟ್ಟಿತು. ಅದರಲ್ಲಿ ಕೋಣೆಗಳು ಸುತ್ತಲೂ ಸಾಲಾಗಿರುತ್ತವೆ. ಬೆಂಕಿ ಒಂದು ಕೋಣೆಯಿಂದ ಮುಂದಿನದಕ್ಕೆ ಸಾಗುತ್ತಾ ಸುತ್ತು ಹೊಡೆಯುತ್ತದೆ. ಹಿಂದಿನ ಕೋಣೆಯಲ್ಲಿ ಆರುತ್ತಿರುವ ಹೆಂಚಿನ ಮೇಲೆ ಹಾದುಬರುವ ಗಾಳಿ ಬಿಸಿಯಾಗಿಯೇ ಬೆಂಕಿಗೆ ಸೇರುತ್ತದೆ. ಮುಂದಿನ ಕೋಣೆಯ ಹಸಿ ಹೆಂಚನ್ನು ಹೊಗೆಯ ಬಿಸಿಯೇ ಕಾಯಿಸಿಡುತ್ತದೆ. ಬೆಂಕಿ ಆರುವುದೇ ಇಲ್ಲ, ಸೌದೆಯೂ ಉಳಿಯುತ್ತದೆ. ದೊಡ್ಡ ಹೆಂಚಿನ ಕಾರ್ಖಾನೆಗಳು ಈ ಬಗೆಯ ಗೂಡಿಗೆ ಬದಲಾದವು.

ಗೂಡಿನಿಂದ ಇಳಿಸಿದ ಹೆಂಚನ್ನು ತಟ್ಟಿ ವಿಂಗಡಿಸುತ್ತಾರೆ. ಚೆನ್ನಾಗಿ ಬೆಂದದ್ದು ಠಣ್ ಅನ್ನುತ್ತದೆ. ಬಿರುಕಿದ್ದರೆ, ಅರೆಬೆಂದಿದ್ದರೆ ಸದ್ದು ಸತ್ತಿರುತ್ತದೆ. ಇದು ಕಿವಿಯ ಪರೀಕ್ಷೆ. ಕಾಗದದ ಮೇಲಿನ ಪರೀಕ್ಷೆಯೂ ಇದೆ. ಭಾರತೀಯ ಮಾನಕ ಸಂಸ್ಥೆಯ 654ನೇ ಮಾನಕ ‘ಮಂಗಳೂರು ಮಾದರಿ’ ಹೆಂಚಿಗೆಂದೇ ಮೀಸಲು. ಒಣ ಹೆಂಚನ್ನು ತೂಗಿ, ನೀರಿನಲ್ಲಿ 24 ಗಂಟೆ ನೆನೆಸಿ, ಮತ್ತೆ ತೂಗುತ್ತಾರೆ. ಮೊದಲ ದರ್ಜೆಯ ಹೆಂಚು ತನ್ನ ತೂಕದ ನೂರಕ್ಕೆ 18 ಪಾಲು, ಎರಡನೆಯದು 20 ಪಾಲಿಗಿಂತ ಹೆಚ್ಚು ನೀರು ಹೀರಬಾರದು.

## ಒಂದು ಕಾರ್ಖಾನೆ ಹಲವಾದದ್ದು

ಮಿಶನ್ನಿನ ಹೆಂಚು ಓಡಿದ್ದನ್ನು ಕಂಡು ಊರಿನವರೂ ಸುಮ್ಮನಿರಲಿಲ್ಲ. ಮೂರೇ ವರ್ಷಕ್ಕೆ, 1868ರಲ್ಲಿ, ಮಂಗಳೂರಿನದೇ ಆದ ಅಲ್ಬುಕರ್ಕ್ ಮನೆತನದ ಕಾರ್ಖಾನೆ ಶುರುವಾಯಿತು. ಆಮೇಲೆ ನದಿ ದಡದಲ್ಲಿ ಒಂದರ ಪಕ್ಕ ಒಂದು ಹೊಗೆಕೊಳವೆ. ಮಿಶನ್ ಕೂಡ ಕುದ್ರೋಳಿ, ಮಲ್ಪೆಗಳಲ್ಲಿ, ಕೇರಳದ ಕೋಳಿಕ್ಕೋಡ್, ಪಾಲಕ್ಕಾಡ್, ಫರೋಕ್‌ಗಳಲ್ಲಿ ಹೆಂಚು ಸುಟ್ಟಿತು. ಮುಂಬೈ, ಸಿಲೋನ್, ಬರ್ಮಾ, ಪೂರ್ವ ಆಫ್ರಿಕಾದ ಕರಾವಳಿಯವರೆಗೂ ಹೆಂಚು ಹೋಯಿತು. ಬ್ರಿಟಿಷರ ಕಾಲದ ಸರ್ಕಾರಿ ಕಟ್ಟಡ, ರೈಲು ನಿಲ್ದಾಣ, ಶಾಲೆಗಳ ಮೇಲೆ ಇದು ಏರಿದ ಮೇಲೆ ಬೇರೆ ಜಾಹೀರಾತು ಬೇಕಾಗಲಿಲ್ಲ. ಈ ಮಾದರಿಯನ್ನು ಗುಜರಾತಿನಲ್ಲಿ ಒತ್ತಿದರೂ ಜನ ಕರೆಯುವುದು ಮಂಗಳೂರು ಹೆಂಚು ಎಂದೇ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಮಿಶನ್ನಿನ ಕತೆ ತಿರುಗಿತು. ಸಂಸ್ಥೆ ಸ್ವಿಟ್ಜರ್ಲೆಂಡಿನದಾದರೂ ಪಾದ್ರಿಗಳಲ್ಲಿ ಬಹಳಷ್ಟು ಜನ ಜರ್ಮನರು. ಬ್ರಿಟಿಷ್ ಸರ್ಕಾರ ಅವರನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟು, ವಾಪಸ್ ಕಳಿಸಿತು. ಕಾರ್ಖಾನೆಗಳು ಕೈ ತಪ್ಪಿ, 1919ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು. ಹಳೇ ಹೆಂಚುಗಳ ಮೇಲೆ ಈ ಎರಡನೇ ಹೆಸರೂ ಕಾಣಸಿಗುವುದು ಅದಕ್ಕೇ.

ಹೆಂಚು ಕಾರ್ಖಾನೆ ಮಂಗಳೂರಿಗೆ ಕೊಟ್ಟದ್ದು ಬರೀ ಸೂರಲ್ಲ. ಕೂಲಿಗೆ, ಪಾಳಿಗೆ, ಸೈರನ್ನಿಗೆ ದುಡಿಯುವ ಜೀವನವನ್ನು ಊರಿಗೆ ಮೊದಲು ಕಲಿಸಿದವುಗಳಲ್ಲಿ ಇದೂ ಒಂದು. ಮಣ್ಣು ಹೊರುವುದು, ಹಸಿ ಹೆಂಚು ಸಾಗಿಸುವುದು, ಅಂಚು ಸವರುವುದು, ಇವುಗಳಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದರು. ಹೆಂಚು, ಗೇರುಬೀಜ, ಬೀಡಿ, ಈ ಮೂರು ಕೆಲಸದವರ ಸಂಘಗಳೇ ಮುಂದೆ ಇಲ್ಲಿನ ಕಾರ್ಮಿಕ ಚಳವಳಿಯ ಬೆನ್ನೆಲುಬಾದವು. ಕೆಲಸ ಹಗುರವಾಗಿರಲಿಲ್ಲ. ಗೂಡಿನ ಬಾಯಿಯ ಝಳ, ಧೂಳು, ದಿನವಿಡೀ ಭಾರ. ಹಳೇ ಮನೆಯ ಚಂದದ ಬಗ್ಗೆ ಮಾತಾಡುವಾಗ ಇದನ್ನು ಮರೆಯುವುದೇ ಜಾಸ್ತಿ.

## ಹೆಂಚಿನ ಮನೆ ತಂಪು ಅನ್ನುತ್ತಾರಲ್ಲ, ನಿಜವೇ?

ನಿಜ, ಆದರೆ ಮಧ್ಯಾಹ್ನ ಎರಡು ಗಂಟೆಗೆ ಹೆಂಚಿನ ಕೆಳಗೆ ಅಟ್ಟ ಇಲ್ಲದೆ ಕೂತವರನ್ನು ಕೇಳಿದರೆ ‘ಎಲ್ಲಿಯ ತಂಪು’ ಅಂದಾರು. ಬಿಸಿಲಲ್ಲಿ ಹೆಂಚೂ ಕಾಯುತ್ತದೆ. ವ್ಯತ್ಯಾಸ ಕಾಣುವುದು ಸಂಜೆ ಮೇಲೆ. ಹೆಂಚು ತೆಳ್ಳಗಿದೆ, ಹಿಡಿದಿಟ್ಟ ಶಾಖ ಕಡಿಮೆ, ಸೂರ್ಯ ಇಳಿದ ಮೇಲೆ ಬೇಗ ಆರುತ್ತದೆ. ಕಾಂಕ್ರೀಟ್ ತಾರಸಿ ದಿನವಿಡೀ ಕುಡಿದ ಶಾಖವನ್ನು ರಾತ್ರಿ ಮಲಗಿದವರ ಮೇಲೆ ಬಿಡುತ್ತದೆ.

ಎರಡನೇ ಕಾರಣ ಸಂದುಗಳು. ಹೆಂಚುಗಳು ಕಚ್ಚಿಕೊಂಡಿದ್ದರೂ ನಡುವೆ ಸಣ್ಣ ಸಂದು ಇದ್ದೇ ಇರುತ್ತದೆ. ಬಿಸಿಗಾಳಿ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತದೆ. ಮೂರನೆಯದು, ಬೆಂದ ಮಣ್ಣಿನ ಸೂಕ್ಷ್ಮ ರಂಧ್ರಗಳು. ಮಳೆ ಬಂದು ನಿಂತ ಮೇಲೆ ಅವು ಹೀರಿದ ನೀರು ಆವಿಯಾಗುವಾಗ ಹೆಂಚಿನ ಶಾಖವನ್ನೂ ಒಯ್ಯುತ್ತದೆ. ಇದರ ಜೊತೆಗೆ ಅಟ್ಟ ಇದ್ದರೆ, ಅಥವಾ ಕೆಳಗೊಂದು ಸೀಲಿಂಗ್ ಹೆಂಚಿನ ಪದರ ಇದ್ದರೆ, ನಡುವೆ ಸಿಕ್ಕ ಗಾಳಿ ಬಿಸಿಲಿಗೆ ತಡೆಯಾಗುತ್ತದೆ.

## ಮುಚ್ಚಿದ್ದೇಕೆ?

ಕಾಂಕ್ರೀಟ್ ಬಂತು, ಹೆಂಚು ಹೋಯಿತು ಎಂದು ಒಂದೇ ಮಾತಲ್ಲಿ ಹೇಳುವುದುಂಟು. ಅದು ಅರ್ಧ ಸತ್ಯ. ತಾರಸಿ ಮೇಲೆ ಇನ್ನೊಂದು ಮಹಡಿ ಎಬ್ಬಿಸಬಹುದು, ಅಡಿಕೆ ಒಣಗಿಸಬಹುದು, ನೀರಿನ ಟ್ಯಾಂಕ್ ಇಡಬಹುದು. ಪೇಟೆಯಲ್ಲಿ ಜಾಗದ ಬೆಲೆ ಏರಿದ ಮೇಲೆ ಇಳಿಜಾರು ಮಾಡಿನ ಮನೆ ದುಬಾರಿಯಾಗಿ ಕಂಡಿತು.

ಇನ್ನೊಂದು ಅರ್ಧ ಹೆಂಚಿನ ಅಡಿಯಲ್ಲಿದೆ. ಹೆಂಚು ಅಗ್ಗ, ಅದನ್ನು ಹೊರುವ ಮರ ಅಗ್ಗವಲ್ಲ. ಪಕ್ಕಾಸು, ರೀಪು, ತೊಲೆಗೆ ಒಳ್ಳೇ ಮರ ಬೇಕು. ಕಾಡು ಕಡಿಯುವುದಕ್ಕೆ ಕಾನೂನಿನ ಬಿಗಿ ಬಂದ ಮೇಲೆ ಮರದ ಬೆಲೆ ಏರಿತು, ಜೊತೆಗೆ ಗೂಡಿಗೆ ಹಾಕುವ ಸೌದೆಯದೂ. ಗದ್ದೆಯ ಮಣ್ಣು ತೆಗೆಯುವುದಕ್ಕೂ ಅಡ್ಡಿಗಳು ಬಂದವು, ಅದಕ್ಕೆ ಕಾರಣವೂ ಇತ್ತು. ಮಣ್ಣು ತೆಗೆದ ಗದ್ದೆ ಹೊಂಡವಾಗಿ ನೀರು ನಿಂತರೆ ಅಲ್ಲಿ ಭತ್ತ ಬೆಳೆಯುವುದು ಕಷ್ಟ. ಮಂಗಳೂರು ಬೆಳೆದಂತೆ ನದಿ ದಡದ ಕಾರ್ಖಾನೆ ಜಾಗಕ್ಕೆ ಹೆಂಚಿಗಿಂತ ಹೆಚ್ಚು ಬೆಲೆ ಬಂತು. ಮಕ್ಕಳು ಗೂಡಿನ ಕೆಲಸಕ್ಕೆ ಬರಲಿಲ್ಲ. ಒಂದೊಂದೇ ಹೊಗೆಕೊಳವೆ ಆರಿತು.

ಮರದ ತೊಂದರೆಗೆ ಈಗ ಕಬ್ಬಿಣದ ಪೈಪು ಉತ್ತರವಾಗಿದೆ. ಕಬ್ಬಿಣದ ಚೌಕಟ್ಟಿನ ಮೇಲೆ ಹೆಂಚು ಹೊದೆಸುವುದು ಸಾಮಾನ್ಯವಾಗಿ ಕಾಣುತ್ತಿದೆ. ಸಿಮೆಂಟ್ ತಾರಸಿಯನ್ನೇ ಇಳಿಜಾರಾಗಿ ಹಾಕಿ ಅದರ ಮೇಲೆ ಹೆಂಚನ್ನು ಅಂಟಿಸುವವರೂ ಇದ್ದಾರೆ. ಆದರೆ ಹಾಗೆ ಅಂಟಿಸಿದಾಗ ಸಂದಿನಲ್ಲಿ ಗಾಳಿಯಾಡದು. ನೋಟಕ್ಕೆ ಹೆಂಚು, ಸೆಕೆ ತಾರಸಿಯದೇ.

## ಹಳೇ ಹೆಂಚು ಕೊಳ್ಳುವವರಿಗೆ

ಇಳಿಸಿದ ಹೆಂಚು ಮತ್ತೆ ಏರಲು ಅಡ್ಡಿಯಿಲ್ಲ. ಒಂದೇ ಅಳತೆಯಲ್ಲಿ ಮಾಡಿದ್ದರ ಲಾಭ ಇದು, ಇನ್ನೊಂದು ಮನೆಯ ಮೇಲೂ ಅವು ಅಷ್ಟೇ ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ಒಂದು ಎಚ್ಚರ ಬೇಕು. ಪ್ರತಿ ಕಾರ್ಖಾನೆಗೂ ತನ್ನದೇ ಅಚ್ಚು, ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ. ನಾಲ್ಕು ಹೆಸರಿನ ಹೆಂಚನ್ನು ಬೆರೆಸಿ ಹೊದೆಸಿದರೆ ಏಣು ತಗ್ಗಿಗೆ ಕೂರುವುದಿಲ್ಲ, ಮೊದಲ ಮಳೆಗೇ ಸೋರುತ್ತದೆ. ಆದಷ್ಟು ಒಂದೇ ಗುರುತಿನವನ್ನು ಆರಿಸಿಕೊಳ್ಳಿ. ಬೆರಕೆ ಮಾಡಲೇಬೇಕಾದರೆ ಮಾಡಿನ ಒಂದೊಂದು ಮಗ್ಗುಲಿಗೆ ಒಂದೊಂದು ಹೆಸರು ಇರಲಿ.

ಒಂದೊಂದನ್ನೂ ಬೆರಳಿನಿಂದ ತಟ್ಟಿ ಸದ್ದು ಕೇಳಿ. ಕೆಳಗಿನ ಮೂಗು ಎರಡೂ ಇವೆಯೇ ನೋಡಿ. ಇಳಿಸುವಾಗ ಮೊದಲು ಮುರಿಯುವುದು ಅದೇ, ಮೂಗಿಲ್ಲದ ಹೆಂಚು ಜಾರುತ್ತದೆ. ಪಾಚಿ ಇದ್ದರೆ ಗಾಬರಿ ಬೇಡ, ನೀರು ಹಾಕಿ ಗಡುಸು ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ.

ಬಹಳ ಜನ ಚೌಕಟ್ಟು ಮುಗಿಸಿ ಆಮೇಲೆ ಹೆಂಚು ಹುಡುಕಲು ಹೊರಡುತ್ತಾರೆ. ಆಗ ರೀಪಿನ ಅಂತರ ಒಂದು, ಸಿಕ್ಕ ಹೆಂಚಿನ ಅಳತೆ ಇನ್ನೊಂದು. ಹೆಂಚು ಮೊದಲು ಅಂಗಳಕ್ಕೆ ಬರಲಿ. ನಾಲ್ಕಾರು ಹೆಂಚನ್ನು ನೆಲದ ಮೇಲೆ ಕಚ್ಚಿಸಿ ಜೋಡಿಸಿ, ಒಂದು ಮೂಗಿನಿಂದ ಮುಂದಿನ ಮೂಗಿಗೆ ಎಷ್ಟು ದೂರ ಎಂದು ಟೇಪು ಹಿಡಿದು ನೋಡಿ. ಸಾಮಾನ್ಯವಾಗಿ ಅದು ಒಂದು ಅಡಿಯ ಆಸುಪಾಸು ಬರುತ್ತದೆ. ಆ ಅಳತೆಯನ್ನು ಬಡಗಿಗೋ ವೆಲ್ಡರ್‌ಗೋ ಕೊಟ್ಟು, ಆಮೇಲೆ ರೀಪು ಹೊಡೆಸಿ.